ತೋಟದ ತುಂಬ ಗಿಣಿಮೂತಿಯೊಂದೇ ಸಾಲದು

ಮಳೆ ಹಿಡಿದೊಡನೆ ಹೊಸೂರು, ಶೂಳಗಿರಿ, ಡೆಂಕಣಿಕೋಟೆ ಕಡೆಯ ನಮ್ಮ ರೈತ ಬಾಂಧವರು ಮಾವಿನ ಕಸಿಗಿಡ ತರಲು ಹೊರಡುತ್ತಾರೆ. ಹೆಚ್ಚಿನವರು ಕೇಳುವುದು ತೋತಾಪುರಿ, ಅಂದರೆ ನಮ್ಮ ಗಿಣಿಮೂತಿಯನ್ನೇ. ಕಾರಣವನ್ನು ನಾವು ಬಲ್ಲೆವು. ಈ ಮರ ವರ್ಷ ತಪ್ಪದೆ ಕಾಯಿ ಬಿಡುತ್ತದೆ, ಬಿಟ್ಟರೆ ಹೊರೆಗಟ್ಟಲೆ ಬಿಡುತ್ತದೆ. ಸಿಪ್ಪೆ ದಪ್ಪ, ಲಾರಿಯಲ್ಲಿ ನಲುಗುವುದಿಲ್ಲ. ದೇಶದಲ್ಲಿ ಮಾವಿನ ತಿರುಳು ತೆಗೆಯುವ ಮುಖ್ಯ ನೆಲೆಗಳು ಎರಡು: ಒಂದು ಆಂಧ್ರದ ಚಿತ್ತೂರು, ಇನ್ನೊಂದು ನಮ್ಮ ಕಣ್ಣೆದುರಿನ ಕೃಷ್ಣಗಿರಿ. ಇಷ್ಟೆಲ್ಲ ಅನುಕೂಲವಿದ್ದರೂ ತೋಟವನ್ನೆಲ್ಲ ಈ ಒಂದೇ ಜಾತಿಗೆ ಒಪ್ಪಿಸುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

2025ರ ಜೂನ್ ತಿಂಗಳನ್ನು ನೆನೆಯಿರಿ. ತೋತಾಪುರಿಯ ಬೆಲೆ ನೆಲಕಚ್ಚಿತು. ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು 7ನೆಯ ತಾರೀಕು ಚಿತ್ತೂರು ಜಿಲ್ಲಾಡಳಿತ ಆಜ್ಞೆ ಹೊರಡಿಸಿತು. ಆಂಧ್ರ ಸರಕಾರ ತನ್ನ ಬೆಳೆಗಾರರಿಗೆ ಕಿಲೋಗೆ 12 ರೂಪಾಯಿ ಗೊತ್ತುಮಾಡಿ, ಅದರಲ್ಲಿ 4 ರೂಪಾಯಿ ತಾನೇ ಕೊಡುವುದಾಗಿ ಹೇಳಿತು. ಕರ್ನಾಟಕದವರು ಪತ್ರ ಬರೆದರು, ದಿಲ್ಲಿಗೆ ಹೋದರು. ಎರಡೂವರೆ ಲಕ್ಷ ಟನ್ನಿಗೆ, ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ, ಕೇಂದ್ರದ ನೆರವು ಮಂಜೂರಾಯಿತು. ಜೂಜುವಾಡಿಯಿಂದ ಈಚೆಗಿರುವ ನಾವು ಆ ಲೆಕ್ಕಕ್ಕೂ ಸೇರಲಿಲ್ಲ, ಈ ಲೆಕ್ಕಕ್ಕೂ ಸೇರಲಿಲ್ಲ. ಮನೆಮಾತು ಕನ್ನಡವಾದರೇನು, ಜಮೀನಿನ ಪಟ್ಟಾ ತಮಿಳುನಾಡಿನದು. ಅವರವರ ಸರಕಾರ ಅವರವರ ರೈತರನ್ನು ನೋಡಿಕೊಂಡದ್ದನ್ನು ನಾವು ತಪ್ಪೆನ್ನಲಾರೆವು. ಆದರೆ ಕೊಳ್ಳುವವನು ಒಬ್ಬನೇ ಆಗಿರುವ ಬೆಳೆಯನ್ನು ನೆಚ್ಚಿಕೊಂಡವರಿಗೆ, ಆ ಒಬ್ಬನು ಬಾಗಿಲು ಮುಚ್ಚಿದ ದಿನ ಬೇರೆ ಬಾಗಿಲಿರುವುದಿಲ್ಲ.

ಗಿಣಿಮೂತಿ ಕೆಟ್ಟ ಹಣ್ಣೆಂದು ನಾವು ಹೇಳುತ್ತಿಲ್ಲ. ಹಣ್ಣಾದಾಗ ಅದರ ಸಿಹಿ ಅಷ್ಟಕ್ಕಷ್ಟೇ ನಿಜ. ಬಲಿತ ಕಾಯಿಯ ರುಚಿಯೇ ಬೇರೆ. ಹುಳಿ ಹದವಾಗಿದ್ದು, ಹಲ್ಲಿಗೆ ಗರಿಗರಿಯಾಗಿ ಸಿಕ್ಕುತ್ತದೆ. ಬೆಂಗಳೂರಿನ ಬೀದಿಯಲ್ಲಿ ಉಪ್ಪುಖಾರ ಹಚ್ಚಿ ಮಾರುವ ಮಾವಿನಕಾಯಿ ಇದೇ ಅಲ್ಲವೇ? ಫಸಲಿನ ಒಂದು ಪಾಲನ್ನು ಕಾಯಾಗಿರುವಾಗಲೇ ಪೇಟೆಗೆ ಕಳಿಸಿದರೆ ಕಾರ್ಖಾನೆಯ ಗೇಟಿನಲ್ಲಿ ಕಾಯುವ ಹೊರೆ ಅಷ್ಟಾದರೂ ತಗ್ಗುತ್ತದೆ. ಹೂವಿನಲ್ಲೇ ಮರವನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುವವರಿಗೆ ಮಾತ್ರ ಈ ಮಾತು ಉಪಯೋಗವಿಲ್ಲ.

ಇನ್ನು ಬಾದಾಮಿ. ಮಂಡಿಯಲ್ಲೂ ಬೆಲೆ, ತಿರುಳಿಗೂ ಬೆಲೆ. ತೋತಾಪುರಿಯ ತಿರುಳಿಗಿಂತ ಇದರ ತಿರುಳಿಗೆ ಮಾನ ಹೆಚ್ಚು. ಆದರೆ ಒಂದು ವರ್ಷ ಬಿಟ್ಟರೆ ಮರುವರ್ಷ ಮುನಿಸಿಕೊಳ್ಳುವ ಮರ. ಹೊರಗೆ ಚಿನ್ನದಂತಿದ್ದು ಕೊಯ್ದರೆ ಒಳಗೆ ಬೆಳ್ಳಗೆ ಬೆಂಡಾಗಿರುವ ರೋಗವೂ ಉಂಟು. ಕಾಯನ್ನು ಮರದಲ್ಲೇ ತೀರ ಬಲಿಯಲು ಬಿಡದೆ ಮುಕ್ಕಾಲು ಬಲಿತಾಗ ತೊಟ್ಟಿನೊಡನೆ ಇಳಿಸಿ, ಬುಡದ ನೆಲಕ್ಕೆ ಒಣ ಸೊಪ್ಪು ಹೊದಿಸಿದರೆ ಈ ಬೆಂಡು ಬಹಳ ಮಟ್ಟಿಗೆ ಕಡಮೆಯಾಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾದಾಮಿಯನ್ನು ಬಂಗನಪಲ್ಲಿಯೊಡನೆ ಕೂಡಿಸಿ ಪಡೆದ ಅರ್ಕ ಪುನೀತ್ ತಳಿಗೆ ಈ ಕಾಟವಿಲ್ಲ.

ರಸಪುರಿಯನ್ನು ದೂರದ ಊರಿಗೆ ಕಳಿಸುವ ಆಸೆ ಬೇಡ, ದಾರಿಯಲ್ಲೇ ಮೆತ್ತಗಾಗುತ್ತದೆ. ಅದು ಹತ್ತಿರದ ಸಂತೆಗೆ, ಮನೆಯ ಸೀಕರಣೆಗೆ. ಸೀಕರಣೆಗೆ ಅದನ್ನು ಮೀರಿಸುವ ಹಣ್ಣು ನಮ್ಮ ಸೀಮೆಯಲ್ಲಿಲ್ಲವೆಂದು ಹೇಳಿದರೆ ಮಲಗೋವಾ ಪಕ್ಷದವರು ಜಗಳಕ್ಕೆ ಬರಬಹುದು. ಬರಲಿ. ಮಲಗೋವಾ ಕಾಯುವುದೇ ಅಪರೂಪ, ಮನೆಯ ಮುಂದೆ ಒಂದು ಮರವಿದ್ದರೆ ಸಾಕು. ಹೋಳು ಮಾಡಿ ತಿನ್ನುವುದಕ್ಕೆ ನಾರಿಲ್ಲದ ಬಂಗನಪಲ್ಲಿ. ಎಲ್ಲಕ್ಕೂ ಮುಂಚೆ ಪೇಟೆ ಕಾಣುವುದು ಸೇಂದೂರ. ಎಲ್ಲರ ಹಣ್ಣೂ ಮುಗಿದ ಮೇಲೆ ಬರುವುದು ನೀಲಂ. ಹಣ್ಣು ಚಿಕ್ಕದಾದರೂ ನೀಲಂ ಮರ ವರ್ಷವೂ ಬಿಡುತ್ತದೆ, ಹಣ್ಣು ತಾಳಿಕೊಳ್ಳುತ್ತದೆ. ಓಟೆ ಕೊರೆಯುವ ಹುಳುವೇ ಇದರ ಶತ್ರು. ಮರದಡಿ ಬಿದ್ದ ಹಣ್ಣನ್ನೂ ಓಟೆಯನ್ನೂ ದಿನವೂ ಆಯ್ದು ಸುಟ್ಟರೆ ಮುಂದಿನ ವರ್ಷದ ಹುಳುವಿನ ಸಂತಾನ ಅಷ್ಟು ಕಡಮೆಯಾಗುತ್ತದೆ. ಇದೇ ನೀಲಂ ಮತ್ತು ಉತ್ತರದ ದಶಹರಿಯ ಕೂಡಿಕೆಯಿಂದ ದೆಹಲಿಯಲ್ಲಿ ಹುಟ್ಟಿದ ಮಲ್ಲಿಕಾ, ಹುಲ್ಲಿನಲ್ಲಿಟ್ಟು ಹಣ್ಣುಮಾಡುವ ತಾಳ್ಮೆಯಿದ್ದವರಿಗೆ ಒಳ್ಳೆಯ ತಳಿ.

ಬದುವಿನ ನಾಟಿ ಮರಗಳ ವಿಷಯ ನಮಗೆ ಎಲ್ಲಕ್ಕಿಂತ ಹೆಚ್ಚು ವ್ಯಥೆ ತರುತ್ತದೆ. ಹೆಸರಿಲ್ಲದ ಮರವೆಂದು ಸೌದೆಗೆ ಕಡಿದು, ಮನೆಯ ಉಪ್ಪಿನಕಾಯಿಗೆ ಪೇಟೆಯಿಂದ ಕಾಯಿ ಕೊಂಡು ತರುವವರನ್ನು ಕಾಣುತ್ತಿದ್ದೇವೆ. ಉಪ್ಪಿನಕಾಯಿಗೆ ಬೇಕಾದ ಹುಳಿ, ನಾರು, ಸೊನೆಯ ಘಮ ಇರುವುದು ಈ ಮರಗಳಲ್ಲೇ. ಕಸಿಯ ಸಿಹಿಕಾಯಿ ಭರಣಿಯಲ್ಲಿ ಬೇಗ ಮೆತ್ತಗಾಗುತ್ತದೆ. ಒಳ್ಳೆಯ ಹುಳಿಮಾವು ಯಾರ ಬದುವಿನಲ್ಲಿದೆಯೆಂದು ಊರಿನ ಹೆಂಗಸರನ್ನು ಕೇಳಿರಿ, ಅದರ ಕಡ್ಡಿಯನ್ನೂ ಕಸಿ ಮಾಡಿಸಿರಿ.

ಹೊಸದಾಗಿ ಎಕರೆಗೆ ನಲವತ್ತು ಗಿಡ ನೆಡುವವರು ಗಿಣಿಮೂತಿಯನ್ನು ಇಪ್ಪತ್ತಕ್ಕೆ ನಿಲ್ಲಿಸಲಿ. ಮಿಕ್ಕದ್ದರಲ್ಲಿ ಬಾದಾಮಿ, ನೀಲಂ ಹೆಚ್ಚಾಗಿ, ಉಳಿದವು ಒಂದೆರಡು ಇರಲಿ. ಹಳೆಯ ತೋಟವಿದ್ದವರು ಬುಡಸಮೇತ ಕಡಿಯಬೇಕಾಗಿಲ್ಲ. ಕೊಯ್ಲು ಮುಗಿದ ಮೇಲೆ ಮೇಲಿನ ಕೊಂಬೆಗಳನ್ನು ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು ಬಳಿದು, ಚಿಗುರಿದ ರೆಂಬೆಗಳಲ್ಲಿ ಗಟ್ಟಿಯಾದ ನಾಲ್ಕೈದನ್ನು ಉಳಿಸಿ, ಅವುಗಳಿಗೆ ಬೇಕಾದ ಜಾತಿಯ ಕಡ್ಡಿ ಕಟ್ಟಬಹುದು. ಒಂದೇ ವರ್ಷ ಎಲ್ಲ ಮರಗಳ ತಲೆ ತೆಗೆಯುವ ಸಾಹಸ ಬೇಡ, ವರ್ಷಕ್ಕೆ ಐದಾರು ಸಾಕು. ಹೀಗೆ ಕತ್ತರಿಸಿದ ಮರಕ್ಕೆ ಕಾಂಡ ಕೊರೆಯುವ ಹುಳು ಬೇಗ ಬೀಳುತ್ತದೆ. ತೂತಿನಿಂದ ಮರದ ಹಿಟ್ಟು ಉದುರುವುದು ಕಂಡ ದಿನವೇ ತಂತಿ ಹಾಕಿ ಹುಳುವನ್ನು ಎಳೆದು ಹಾಕಬೇಕು.