ಕಂಪನಿ ಕೋವಿಯೋ, ಮಾಡಿಸಿದ ಕೋವಿಯೋ?

ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಅಂಗಡಿ ಕಟ್ಟೆಯಲ್ಲೂ ಬಸ್ಸಿನ ಸೀಟಿನಲ್ಲೂ ಕೋವಿಯದೇ ಮಾತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕಾಯಿ ತಪ್ಪಿದವನು ಮೊದಲು ದೂರೋದು ಕೋವಿಯನ್ನು. 'ಇದು ಕಂಪನಿ ಮಾಲು ಸ್ವಾಮಿ, ಇಷ್ಟೇ ಇದರ ಹಣೆಬರಹ. ಕೈಯಲ್ಲಿ ಮಾಡಿಸಿದ ರೈಫಲ್ ಇದ್ದಿದ್ರೆ ತೋರಿಸ್ತಿದ್ದೆ' ಅನ್ನೋದು ಮಾಮೂಲು ಡೈಲಾಗು. ಈ ಮಾತಿನಲ್ಲಿ ಸತ್ಯ ಎಷ್ಟು, ನೆಪ ಎಷ್ಟು? ಸ್ವಲ್ಪ ತೂಗಿ ನೋಡೋಣ.

ತೂಗೋದಕ್ಕೆ ತಕ್ಕಡಿ ಬೇಕಲ್ಲ? ರೈಫಲ್ಲಿಗೂ ಒಂದು ತಕ್ಕಡಿ ಇದೆ. 100 ಗಜ ದೂರದಲ್ಲಿ ಕಾಗದ ಕಟ್ಟಿ, ಒಂದೇ ಗುರಿಗೆ ಮೂರೋ ಐದೋ ಗುಂಡು ಹೊಡೆದು, ತೂತುಗಳು ಎಷ್ಟು ಅಗಲಕ್ಕೆ ಚೆದುರಿವೆ ಅಂತ ಅಳೆಯೋದು. ಎಲ್ಲ ತೂತು ಒಂದು ಇಂಚಿನೊಳಗೆ, ಅಂದರೆ ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲದೊಳಗೆ ಬಿದ್ದರೆ ಒಳ್ಳೆ ರೈಫಲ್ ಅಂತ ಲೆಕ್ಕ.

ಹಿಂದೆ ಕಾರ್ಖಾನೆಯ ಶಿಕಾರಿ ರೈಫಲ್ಲಿಗೆ ಇದು ಸುಲಭದ ಪರೀಕ್ಷೆ ಆಗಿರಲಿಲ್ಲ. ಅಮೆರಿಕದಲ್ಲಿ 1936ರಲ್ಲಿ ಬಂದ ವಿಂಚೆಸ್ಟರ್ 70, 1962ರಲ್ಲಿ ಬಂದ ರೆಮಿಂಗ್ಟನ್ 700 ಹೆಸರಾದ ಮಾಲೇ. ಆದರೂ ಗುರಿಯ ಹುಚ್ಚಿನವರು ಅದನ್ನು ಕೊಂಡ ಮೇಲೆ ಕುಶಲ ಕೆಲಸಗಾರನ ಹತ್ತಿರ ಒಯ್ಯುತ್ತಿದ್ದರು. ಅವನು ನಳಿಗೆ ಬದಲಿಸುತ್ತಿದ್ದ, ನಳಿಗೆಯ ಬಾಯಿ ಸಮ ಮಾಡುತ್ತಿದ್ದ, ಕಬ್ಬಿಣ ಮರದಲ್ಲಿ ಅಲ್ಲಾಡದೆ ಕೂರೋ ಹಾಗೆ ಗಟ್ಟಿ ಅಂಟು ತುಂಬುತ್ತಿದ್ದ, ನಳಿಗೆ ಮರಕ್ಕೆ ತಾಗದಂತೆ ಸಂದು ಬಿಡುತ್ತಿದ್ದ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳೋದು ಕೊಡಗಿನವರಿಗೆ ಹೇಳಿಕೊಡಬೇಕೆ? ಕೋವಿಯ ಮರವೂ ಹಾಗೇ ಉಬ್ಬಿ ನಳಿಗೆಯನ್ನು ಒತ್ತುತ್ತೆ. ಗುಂಡು ದಾರಿ ತಪ್ಪುತ್ತೆ.

ಈಗ ಕಾಲ ಬದಲಾಗಿದೆ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರಗಳು ಬಂದಿವೆ. ನೀರಿಗೆ ಉಬ್ಬದ ಪ್ಲಾಸ್ಟಿಕ್ ಹಿಡಿ ಬಂದಿದೆ. ಸ್ಯಾವೇಜ್ ಕಂಪನಿ 2003ರಲ್ಲಿ, ಮಾಲೀಕನೇ ತನಗೆ ಬೇಕಾದಷ್ಟು ಹಗುರ ಮಾಡಿಕೊಳ್ಳಬಹುದಾದ ಟ್ರಿಗರ್ ತಂದಿತು. ಫಿನ್ಲೆಂಡಿನ ಟಿಕ್ಕಾದಂಥ ಕಾರ್ಖಾನೆ ರೈಫಲ್ಲುಗಳು ಪೆಟ್ಟಿಗೆ ಬಿಚ್ಚಿದ ಹಾಗೇ ಒಂದು ಇಂಚಿನ ಪರೀಕ್ಷೆ ಪಾಸು ಮಾಡುತ್ತವೆ. ಸಾವಿರಾರು ಡಾಲರ್ ಸುರಿದು ಮಾಡಿಸಿದ್ದು ಅರ್ಧ ಇಂಚು, ಕೆಲವು ಅದಕ್ಕೂ ಕಮ್ಮಿ. ಮಾಡಿಸಿದ್ದೇ ಮೇಲು, ಒಪ್ಪೋಣ. ದರ್ಜಿ ಅಳತೆ ತೆಗೆದು ಹೊಲಿದ ಅಂಗಿಗೂ ರೆಡಿಮೇಡ್ ಅಂಗಿಗೂ ವ್ಯತ್ಯಾಸ ಇದ್ದೇ ಇದೆ. ಆದರೆ ಈ ಅರ್ಧ ಇಂಚಿಗೆ ತೆರುವ ದುಡ್ಡು ಎಷ್ಟು? ತೆಂಗಿನಕಾಯಿ ಎಷ್ಟು ದಪ್ಪ? ನಾಲ್ಕೈದು ಇಂಚಿನ ಕಾಯಿ ತಪ್ಪಿಸಿದವನು ಅರ್ಧ ಇಂಚಿನ ಮೇಲೆ ತಪ್ಪು ಹೊರಿಸಿದರೆ ಯಾರು ನಂಬ್ತಾರೆ?

ಇನ್ನೊಂದು ಮಾತು. ಮೂರು ಗುಂಡು ಒಟ್ಟಿಗೆ ಬಿದ್ದದ್ದನ್ನೇ ಜೇಬಲ್ಲಿಟ್ಟು ಮೆರೆಯುವವರಿದ್ದಾರೆ. ಮೂರು ದಿನದ ವ್ಯಾಪಾರ ನೋಡಿ ವರ್ಷದ ಲಾಭ ಹೇಳೋಕಾಗುತ್ತಾ? ಹತ್ತು ಗುಂಡು ಹೊಡೆಸಿ ನೋಡಿ, ಕಂಪನಿಯದಾಗಲಿ ಮಾಡಿಸಿದ್ದಾಗಲಿ, ಬಣ್ಣ ಗೊತ್ತಾಗುತ್ತೆ.

ಹಳೇ ಶಿಕಾರಿಗಳನ್ನೇ ತಗೊಳ್ಳಿ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಬಹುಮಾನ ಬಂದದ್ದು ಲಂಡನ್ನಿನ ರಿಗ್ಬಿ ರೈಫಲ್. ಅದರ ಯಂತ್ರಭಾಗ ಜರ್ಮನಿಯ ಮೌಸರ್ ಕಾರ್ಖಾನೆಯದು. ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳ ಕೆನೆತ್ ಆಂಡರ್ಸನ್, ನಮ್ಮ ಬೆಂಗಳೂರಿನವರೇ, ನೆಚ್ಚಿಕೊಂಡದ್ದು ಕಾರ್ಖಾನೆಯ .405 ವಿಂಚೆಸ್ಟರ್. ಇಬ್ಬರನ್ನೂ ಉಳಿಸಿದ್ದು ಕಾಡಿನ ತಿಳಿವಳಿಕೆ ಮತ್ತು ನಡುಗದ ಕೈ. ಆ ಶಿಕಾರಿಯ ಕಾಲವೂ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯುತ್ತಾ ಬಂತು. ಅದಕ್ಕಾಗಿ ಯಾರೂ ಮರುಗಬೇಕಿಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯನಿಗೆ ಸಿಗುವ ರೈಫಲ್ ಅಂದರೆ ಮುಖ್ಯವಾಗಿ ಪಶ್ಚಿಮ ಬಂಗಾಳದ ಇಚ್ಛಾಪುರ ಕಾರ್ಖಾನೆಯ .315. ವಿದೇಶದ ಮಾಡಿಸಿದ ಮಾಲು ಬಹುಪಾಲು ಜನಕ್ಕೆ ಕನಸೇ. ಇಲ್ಲೇ ಅಪಾಯ ಇರೋದು. ಕನಸು ಈಡೇರದವನು ಗೊತ್ತಿರುವ ಕಮ್ಮಾರನ ಹತ್ತಿರ ಹೋಗಿ, 'ಸ್ವಲ್ಪ ಟ್ರಿಗರ್ ಹಗುರ ಮಾಡಿಕೊಡಪ್ಪ' ಅಂತಾನೆ. ಅರ ಹಾಕಿ ಉಜ್ಜಿದ ಟ್ರಿಗರ್ ಜನ ತುಂಬಿದ ಹಬ್ಬದ ಮೈದಾನದಲ್ಲಿ ಯಾವಾಗ ಕಳಚಿಕೊಳ್ಳುತ್ತೋ ದೇವರೇ ಬಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ತನಕ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು, ರಿಪೇರಿ ಮಾಡುವುದು 1959ರ ಕಾಯ್ದೆಯ ಪ್ರಕಾರ ಅಪರಾಧ. ಕೆಲಸ ಮಾಡಿದ ಬಡ ಕಮ್ಮಾರ ಜೈಲು ಸೇರ್ತಾನೆ, ಮಾಡಿಸಿದವನೂ ಕೋರ್ಟು ಅಲೀಬೇಕಾಗುತ್ತೆ.

ಆದ್ದರಿಂದ ಸ್ಪರ್ಧೆ ನಡೆಸುವ ಸಂಘದವರಿಗೆ ಒಂದು ಸಲಹೆ. ಕಾಯಿ ಕಟ್ಟುವ ಮೊದಲು ಪ್ರತಿ ಕೋವಿಯನ್ನೂ ತಿಳಿದವರಿಂದ ಪರೀಕ್ಷೆ ಮಾಡಿಸಿ. ಟ್ರಿಗರ್ ಅನುಮಾನ ಬಂದರೆ ಮುಲಾಜಿಲ್ಲದೆ ಹೊರಗಿಡಿ. ಪೊಲೀಸರ ಅನುಮತಿ ಪಡೆದು, ಹಬ್ಬಕ್ಕೆ ಮುಂಚೆ ಒಂದೆರಡು ಭಾನುವಾರ ಕಾಗದದ ಗುರಿಗೆ ಹೊಡೆದು ಪಳಗಲು ಜಾಗ ಮಾಡಿಕೊಡಿ. ಕೋವಿ ಹಿಡಿಯೋ ಅಣ್ಣಂದಿರಿಗೆ ಹೇಳೋದಿಷ್ಟೇ: ಹೊಸ ಕೋವಿಗೆ ಇಟ್ಟ ದುಡ್ಡಲ್ಲಿ ಒಂದಿಷ್ಟನ್ನು ತೋಟೆಗೆ ಹಾಕಿ ಅಭ್ಯಾಸ ಮಾಡಿ. ಅರ್ಧ ಇಂಚಿನ ಕೋವಿ ಕೊಂಡರೂ ಐದು ಇಂಚಿನ ಕೈ ಅದನ್ನು ಐದು ಇಂಚಿನ ಕೋವಿಯೇ ಮಾಡುತ್ತೆ.