ಪಡಸಾಲೆಯಲ್ಲಿ ಬ್ಯಾಟರಿ ಚಾರ್ಜಿಂಗ್ ಬೇಡ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಟ್ರ್ಯಾಕ್ಟರ್ ಇಲ್ಲದ ಓಣಿ ಅಪರೂಪ. ಕಬ್ಬಿನ ಹಂಗಾಮು ಮುಗಿದು ನಿಂತ ಗಾಡಿಯ ಬ್ಯಾಟರಿ ಮುಂಗಾರಿನ ಹೊತ್ತಿಗೆ ಇಳಿದಿರುತ್ತದೆ. ಪೇಟೆಗೆ ಹೊತ್ತೊಯ್ಯುವ ಬದಲು ಈಗ ಹಲವರು ಮನೆಗೇ ಚಾರ್ಜರ್ ತಂದಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಡಸಾಲೆಯಲ್ಲೋ ಅಡುಗೆಮನೆಯ ಪಕ್ಕದಲ್ಲೋ ರಾತ್ರಿಯಿಡೀ ಚಾರ್ಜಿಗೆ ಹಚ್ಚಿ ಮಲಗುವುದನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ಚಾರ್ಜ್ ಆಗುವಾಗ, ಅದರಲ್ಲೂ ಪೂರ್ತಿ ತುಂಬುವ ಹೊತ್ತಿಗೆ, ಆಸಿಡ್ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬೀಡಿ, ದೇವರ ದೀಪವೇ ಬೇಕೆಂದಿಲ್ಲ. ಸ್ವಿಚ್ ಆರಿಸದೆ ಕ್ಲಿಪ್ ಕಿತ್ತಾಗ ಹಾರುವ ಕಿಡಿಯೇ ಸಾಕು. ಬ್ಯಾಟರಿ ಒಡೆದರೆ ಆಸಿಡ್ ಮುಖಕ್ಕೇ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ, ಕೂಡಲೇ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆದು ದವಾಖಾನೆಗೆ ಹೋಗಬೇಕು.

ಚಾರ್ಜಿಗೆ ಹಚ್ಚುವಾಗ ಬ್ಯಾಟರಿಯನ್ನು ಗಾಳಿಯಾಡುವ, ಮಕ್ಕಳ ಕೈಗೆ ಸಿಗದ, ಮಳೆ ತಾಗದ ಕಟ್ಟೆಯ ಮೇಲಿಡಿ. ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಹಾಕಿದ ಮೇಲೆಯೇ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್ ಆರಿಸಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಇರಲಿ. 80 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 8 ಆಂಪಿಯರ್ ಸಾಕು. ಬೇಗ ಆಗಲೆಂದು ಹೆಚ್ಚು ಹರಿಸಿದರೆ ಕಾದು ಪ್ಲೇಟುಗಳು ಹಾಳಾಗುತ್ತವೆ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಖಂಡಿತ ಬೇಡ.

ಚಾರ್ಜರ್ ಮಾರುವ ಅಂಗಡಿಯವರು ಈ ಸೂಚನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಗಿರಾಕಿಗೆ ಬಾಯಲ್ಲೂ ತಿಳಿಸಿ ಕೊಡಬೇಕೆಂದು ವಿನಂತಿ.

– ಒಬ್ಬ ರೈತ, ಬೈಲಹೊಂಗಲ