ಗುಜರಿ ಅಂಗಡಿಯಲ್ಲೂ ತೂಕ ಸರಿಯಾಗಿರಲಿ



ಸಕ್ಕರೆ ಕೊಳ್ಳುವಾಗ ನಮ್ಮ ಜನ ತಕ್ಕಡಿಯ ಮೇಲೆ ಕಣ್ಣಿಟ್ಟಿರುತ್ತಾರೆ. ಐವತ್ತು ಗ್ರಾಂ ಕಮ್ಮಿ ಬಂದರೂ ಜಗಳ ಆಡ್ತಾರೆ. ಆದರೆ ಅದೇ ಜನ ಹಳೇ ಕಬ್ಬಿಣವನ್ನು ಗುಜರಿಗೆ ಹಾಕುವಾಗ "ಹೇಗೂ ಬಿಸಾಕೋ ಸಾಮಾನು, ಬಂದಷ್ಟು ಬರಲಿ ಬಿಡಿ" ಅಂತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬಿಸಾಕೋ ಸಾಮಾನೇ ಆಗಿದ್ದರೆ ಅಂಗಡಿಯವರು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಿದ್ದರು? ಮುರಿದ ಗುದ್ದಲಿ, ತೂತು ಬಿದ್ದ ಬಿಂದಿಗೆ, ರದ್ದಿ ಪೇಪರು ಎಲ್ಲಕ್ಕೂ ಬೆಲೆ ಇದೆ. ಕಬ್ಬಿಣ ಕರಗಿ ಮತ್ತೆ ಕಬ್ಬಿಣವೇ ಆಗುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಅಜ್ಜಿ 12 ಕೆಜಿ ಕಬ್ಬಿಣ ತಂದರು ಅಂತಿಟ್ಟುಕೊಳ್ಳಿ. ಒಂದು ಅಂಗಡಿಯಲ್ಲಿ ಕೆಜಿಗೆ 20 ರೂಪಾಯಿ ಅಂದರು, ಆದರೆ ತೂಕ 10 ಕೆಜಿ ಅಂತ ತೋರಿಸಿದರು. ಅಜ್ಜಿಗೆ ಸಿಕ್ಕಿದ್ದು 200 ರೂಪಾಯಿ. ಇನ್ನೊಂದು ಅಂಗಡಿಯಲ್ಲಿ ಕೆಜಿಗೆ 18 ರೂಪಾಯಿಯೇ ಅಂದರು, ಆದರೆ ತೂಕ ಸರಿಯಾಗಿ 12 ಕೆಜಿ ಹಾಕಿದರು. ಅಲ್ಲಿ ಸಿಗುವುದು 216 ರೂಪಾಯಿ. ನೋಡಿದಿರಾ? ರೇಟು ಜಾಸ್ತಿ ಹೇಳಿದವರೇ ಕಮ್ಮಿ ಕೊಟ್ಟರು! ರೇಟು ಕಮ್ಮಿ ಆದರೆ ಗೊತ್ತಾಗುತ್ತದೆ, ಚೌಕಾಸಿ ಮಾಡಬಹುದು. ತೂಕದಲ್ಲಿ ಹೋದದ್ದು ಗೊತ್ತೇ ಆಗೋದಿಲ್ಲ.

ಅಂಗಡಿಯವರಿಗೂ ಕಷ್ಟ ಇದೆ. ಲಾರಿ ಬಾಡಿಗೆ ಕೊಡಬೇಕು, ಪೇಟೆಯಲ್ಲಿ ರೇಟು ಇಳಿದರೆ ನಷ್ಟ ಅವರದೇ. ಕೆಲವರು ಚೀಲದಲ್ಲಿ ಕಲ್ಲು ಸೇರಿಸಿ, ಪೇಪರಿಗೆ ನೀರು ಚಿಮುಕಿಸಿ ತರುವುದೂ ಉಂಟು. ಅದೂ ಮೋಸವೇ. ಹೊಲದ ಪಂಪ್‌ಸೆಟ್ಟಿನ ವೈರ್ ಕದ್ದು ಮಾರುವವರೂ ಇರುವುದರಿಂದ "ಇದು ಎಲ್ಲಿಂದ ತಂದಿರಿ?" ಎಂದು ಕೇಳುವುದು ಅಂಗಡಿಯವರ ಕರ್ತವ್ಯ. ಕೇಳಲಿ. ಆದರೆ ಹರಿದ ಬಟ್ಟೆ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಚಿಂದಿ ಆಯುವವರನ್ನು "ಏಯ್, ಆಚೆ ನಿಲ್ಲು" ಎಂದು ಗದರಿಸುವುದು ಯಾವ ನ್ಯಾಯ? ಊರು ಸ್ವಚ್ಛ ಮಾಡುವವರು ಅವರು. 2016ರ ಘನತ್ಯಾಜ್ಯ ನಿಯಮಗಳಲ್ಲೇ ಸರ್ಕಾರ ಅವರ ಕೆಲಸವನ್ನು ಗುರುತಿಸಿದೆ.

ತೂಕದ ಕಾಯಿದೆ ಕೊಳ್ಳುವವರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ, ಅಂಗಡಿಯವರು ತಾವು ಕೊಳ್ಳುವಾಗ ಮೋಸ ಮಾಡಿ, ದುಡ್ಡು ಕೊಟ್ಟದ್ದಕ್ಕಿಂತ ಹೆಚ್ಚು ಮಾಲು ತೆಗೆದುಕೊಳ್ಳುವುದೂ ತಪ್ಪೇ. ಅವರ ತಕ್ಕಡಿ, ತೂಕದ ಬಟ್ಟುಗಳನ್ನೂ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿರಬೇಕು.

ಆದ್ದರಿಂದ ನನ್ನ ಸಲಹೆಗಳು ಇವು:

1. ಮನೆಯಿಂದ ಹೊರಡುವ ಮೊದಲೇ ತೂಕ ಮಾಡಿ ಬರೆದುಕೊಳ್ಳಿ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ ಬೇರೆ ಬೇರೆ ಕಟ್ಟಿ. ತಾಮ್ರದ ಬೆಲೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ತಾಮ್ರಕ್ಕಾಗಿ ವೈರ್ ಸುಡಬೇಡಿ, ಆ ಹೊಗೆ ವಿಷ.

2. ತಕ್ಕಡಿ ಮೇಲೆ ಅನುಮಾನ ಬಂದರೆ ಒಡೆಯದ ಒಂದು ಕೆಜಿ ಉಪ್ಪಿನ ಪೊಟ್ಟಣ ಐದನ್ನು ಇಟ್ಟು ನೋಡಿ. ಐದು ಕೆಜಿಗಿಂತ ಕಮ್ಮಿ ತೋರಿಸಬಾರದು.

3. ಅಂಗಡಿಯವರು ದಿನದ ರೇಟನ್ನು ಹಲಗೆಯ ಮೇಲೆ ಬರೆಯಲಿ. ತೂಕ, ರೇಟು, ಒಟ್ಟು ಹಣ ಬರೆದು ಒಂದು ಚೀಟಿ ಕೊಡಲಿ.

ಓದು ಬಾರದ ಅಜ್ಜಿಯರ ಜೊತೆ ನಾವು ಹೋಗಿ ಆ ಚೀಟಿ ಓದಿ ಹೇಳಿದರೆ ಸಾಕು, ಗುಣಾಕಾರ ಕಲಿತದ್ದು ಸಾರ್ಥಕ. ರೇಟು ದಿನಕ್ಕೊಂದು ಆಗಬಹುದು. ಆದರೆ ಕೆಜಿ ಅಂದರೆ ಯಾವತ್ತೂ ಸಾವಿರ ಗ್ರಾಂ, ಅಲ್ಲವೇ?

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ